ಆಮ್ಲಜನಕದ ಬಳಕೆಯನ್ನು ಅಳೆದು ಎಸ್‌ಟಿಪಿ ನಡೆಸುವ ಬಗೆ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿಗಳಲ್ಲಿ, ಅಂದರೆ ಕೊಳಚೆನೀರಿನ ಶುದ್ಧೀಕರಣ ಘಟಕಗಳಲ್ಲಿ, ಗಾಳಿ ಊದುವ ಏರೇಷನ್ ಟ್ಯಾಂಕಿನ ಡಿಒ, ಅಂದರೆ ನೀರಿನಲ್ಲಿ ಕರಗಿರುವ ಆಮ್ಲಜನಕ, ಲೀಟರಿಗೆ 2 ಮಿಲಿಗ್ರಾಂ ದಾಟಿದರೆ ಎಲ್ಲವೂ ಸರಿಯಿದೆ ಎಂದು ತಿಳಿಯುವುದುಂಟು. ಆದರೆ ಬ್ಲೋವರ್ ಅಗತ್ಯಕ್ಕಿಂತ ಹೆಚ್ಚು ಗಾಳಿ ಊದುತ್ತಿದ್ದರೂ ಡಿಒ ಏರುತ್ತದೆ, ಆಸಿಡ್ ಅಥವಾ ಬ್ಲೀಚಿಂಗ್ ಪೌಡರ್ ಹರಿದುಬಂದು ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಸತ್ತರೂ ಏರುತ್ತದೆ. ಯಾವ ಕಾರಣದಿಂದ ಏರಿದೆ ಎಂಬುದನ್ನು ತಿಳಿಯಲು ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸುವ ವೇಗವನ್ನೇ, ಅಂದರೆ ಒಯುಆರ್ ಅನ್ನು, ಅಳೆಯಬೇಕು.

ಟ್ಯಾಂಕಿನಿಂದ ಮಾದರಿಯನ್ನು ತೆಗೆದ ಕೂಡಲೇ ಚೆನ್ನಾಗಿ ಕುಲುಕಿ ಗಾಳಿ ಬೆರೆಸಿ, 300 ಮಿಲಿಲೀಟರಿನ ಬಿಒಡಿ ಬಾಟಲಿಗೆ (ಆಮ್ಲಜನಕದ ಪರೀಕ್ಷೆಗೆ ಬಳಸುವ ಗಾಜಿನ ಬಾಟಲಿ) ತುಂಬಿ, ಗುಳ್ಳೆ ಉಳಿಯದಂತೆ ಡಿಒ ಮೀಟರಿನ ಪ್ರೋಬ್ ಇಳಿಸಬೇಕು. ಮ್ಯಾಗ್ನೆಟಿಕ್ ಸ್ಟಿರರ್ ತಿರುಗುತ್ತಿರುವಾಗ ನಿಮಿಷಕ್ಕೊಮ್ಮೆ ಡಿಒ ಬರೆದುಕೊಳ್ಳುತ್ತಾ ಹೋಗಿ, ಅದು 1 ಮಿಲಿಗ್ರಾಂಗೆ ಇಳಿಯುವ ಮೊದಲೇ ನಿಲ್ಲಿಸಬೇಕು. ಅದಕ್ಕಿಂತ ಕೆಳಗೆ ಆಮ್ಲಜನಕದ ಕೊರತೆಯೇ ಬಳಕೆಯನ್ನು ನಿಧಾನಗೊಳಿಸುತ್ತದೆ. 8 ನಿಮಿಷಗಳಲ್ಲಿ ಡಿಒ 7ರಿಂದ 3ಕ್ಕೆ ಸಮವಾಗಿ ಇಳಿದರೆ ಲೀಟರಿಗೆ ನಿಮಿಷಕ್ಕೆ 0.5, ಗಂಟೆಗೆ 30 ಮಿಲಿಗ್ರಾಂ ಬಳಕೆಯಾದಂತಾಯಿತು. ಇದನ್ನು ಟ್ಯಾಂಕಿನಲ್ಲಿರುವ ಬ್ಯಾಕ್ಟೀರಿಯಾ ರಾಶಿಯ ಅಳತೆಯಾದ ಎಂಎಲ್‌ವಿಎಸ್‌ಎಸ್‌ನಿಂದ ಭಾಗಿಸಬೇಕು: ಅದು ಲೀಟರಿಗೆ 2.5 ಗ್ರಾಂ ಇದ್ದರೆ ಗ್ರಾಂ ಒಂದಕ್ಕೆ ಗಂಟೆಗೆ 12 ಮಿಲಿಗ್ರಾಂ.

ಸಾಮಾನ್ಯವಾಗಿ ಈ ಲೆಕ್ಕದ 8ರಿಂದ 20ರವರೆಗಿನ ಬೆಲೆ ಆರೋಗ್ಯಕರ. ದೀರ್ಘಕಾಲ ಗಾಳಿ ಊದುವ ಸ್ಥಾವರಗಳಲ್ಲಿ ಇನ್ನೂ ಕಡಿಮೆ ಇರಬಹುದು. ಟ್ಯಾಂಕಿನ ಹೊರಹರಿವಿನ ತುದಿಯಲ್ಲೂ ಬೆಲೆ 20 ಮೀರಿದ್ದರೆ ಕೊಳೆ ಇನ್ನೂ ಕರಗಿಲ್ಲವೆಂದು ತಿಳಿದು, ಗಾಳಿ ಹೆಚ್ಚಿಸಿ, ಬ್ಯಾಕ್ಟೀರಿಯಾಗಳು ತುಂಬಿರುವ ಕೆಸರು ಹೊರಹಾಕುವುದನ್ನು ತಗ್ಗಿಸಬೇಕು.

ಬೆಲೆ ತೀರ ಕುಸಿದಾಗ ಆತುರಪಟ್ಟು ಬ್ಲೋವರ್ ಇಳಿಸಬಾರದು. ತಳಕ್ಕಿಳಿದು ಏರೇಷನ್ ಟ್ಯಾಂಕಿಗೆ ಮರಳಿ ಬರುವ ಕೆಸರಿನ ಒಂದು ಪಾಲನ್ನು ಒಳಬರುವ ಕೊಳಚೆಯೊಂದಿಗೆ, ಇನ್ನೊಂದು ಪಾಲನ್ನು ಕ್ಲೋರಿನ್ ಹಾಕುವ ಮೊದಲಿನ ಶುದ್ಧೀಕೃತ ನೀರಿನೊಂದಿಗೆ ಸಮಸಮ ಬೆರೆಸಿ, ಎರಡರ ಒಯುಆರ್ ಹೋಲಿಸಬೇಕು. ಕೊಳಚೆ ಸೇರಿದ ಬಾಟಲಿಯಲ್ಲಿ ಬಳಕೆ ಸ್ಪಷ್ಟವಾಗಿ ಹೆಚ್ಚಿದ್ದರೆ ಬ್ಯಾಕ್ಟೀರಿಯಾಗಳು ಆಹಾರಕ್ಕಾಗಿ ಕಾದಿವೆ. ಆಗ ಗಾಳಿ ಕಡಿಮೆ ಮಾಡಿ ವಿದ್ಯುತ್ ಉಳಿಸಬಹುದು. ಅದರಲ್ಲೇ ಬಳಕೆ ಕಡಿಮೆಯಾದರೆ ವಿಷ ಸೇರಿದೆ ಎಂದು ಶಂಕಿಸಿ, ಕೊಳಚೆಯನ್ನು ಅದು ಮೊದಲು ಸಂಗ್ರಹವಾಗುವ ಈಕ್ವಲೈಸೇಷನ್ ಟ್ಯಾಂಕಿನಲ್ಲೇ ತಡೆದು, ಕೆಸರು ಹೊರಹಾಕುವುದನ್ನು ನಿಲ್ಲಿಸಬೇಕು. ಚೇತರಿಕೆಗೆ ಸಗಣಿ ಸುರಿಯುವುದಕ್ಕಿಂತ, ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಎಸ್‌ಟಿಪಿಯ ಕೆಸರನ್ನು ತಂದು ಹಾಕುವುದೇ ಮೇಲೆಂದು ನನ್ನ ಅಭಿಪ್ರಾಯ.

ಉಷ್ಣತೆ ಏರಿದಂತೆ ಬಳಕೆಯೂ ಏರುವುದರಿಂದ ಪ್ರತಿ ಅಳತೆಯ ಪಕ್ಕದಲ್ಲಿ ಅದನ್ನೂ ಬರೆಯಬೇಕು. ಬೆಳಗಿನ ಸ್ನಾನದ ನೀರು ಬರುವ ಹೊತ್ತಿನ ಅಳತೆಯನ್ನು ಮರುದಿನದ ಅದೇ ಹೊತ್ತಿನ ಅಳತೆಯೊಂದಿಗೆ ಮಾತ್ರ ಹೋಲಿಸಬೇಕು.