ಬೀರುವಿನಲ್ಲಿ ಸಿಕ್ಕ ವೇಳಾಪಟ್ಟಿಗಳು: ಒಂದು ತರಬೇತಿ ಕೇಂದ್ರದ ಚರಿತ್ರೆ ಬರೆದ ನನ್ನ ಅನುಭವ

ನಮ್ಮ ವಿಶ್ವವಿದ್ಯಾಲಯದ ಅಧ್ಯಾಪಕರ ತರಬೇತಿ ಕೇಂದ್ರದ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಕರಡನ್ನು ಹತ್ತೇ ದಿನದಲ್ಲಿ ಮುಗಿಸಿದೆ. ಯಾವ ವರ್ಷ ಶುರುವಾಯಿತು, ಯಾರ್ಯಾರು ನಿರ್ದೇಶಕರಾಗಿದ್ದರು, ಎಷ್ಟು ಕೋರ್ಸು ನಡೆದವು, ಎಲ್ಲಾ ವಾರ್ಷಿಕ ವರದಿಗಳಲ್ಲೇ ಇತ್ತು. ಕೇಂದ್ರದಲ್ಲಿ ವರ್ಷಗಟ್ಟಲೆ ತರಗತಿ ತೆಗೆದುಕೊಂಡು ನಿವೃತ್ತರಾದ ಮೇಡಂ ಒಬ್ಬರಿಗೆ ಓದಲು ಕೊಟ್ಟೆ. ಓದಿ ಮುಗಿಸಿ, "ಎಲ್ಲಾ ಸರಿ ಇದೆಯಪ್ಪಾ. ಆದರೆ ಇದರಲ್ಲಿ ಪಾಠ ಎಲ್ಲಿದೆ?" ಅಂದರು.

ಆ ಕರಡನ್ನು ಪಕ್ಕಕ್ಕಿಟ್ಟು ಮತ್ತೆ ಶುರು ಮಾಡಿದೆ. ಒಂದೂವರೆ ವರ್ಷ ಹಿಡಿಯಿತು.

ಈ ಕೇಂದ್ರಗಳು ಹುಟ್ಟಿದ್ದು ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಹೈಸ್ಕೂಲಿನ ಮೇಷ್ಟ್ರಾಗಲು ಬಿ.ಎಡ್. ಬೇಕು. ಕಾಲೇಜಿನಲ್ಲಿ ಎಂ.ಎ., ಎಂ.ಎಸ್ಸಿ. ಮುಗಿಸಿದವರು ನೇರವಾಗಿ ತರಗತಿಗೆ ಹೋಗಿ ನಿಲ್ಲುತ್ತಿದ್ದರು. ಪಾಠ ಮಾಡುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರುತ್ತಿರಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಕೊರತೆಯತ್ತ ನೋಡಿತು. ಮರುವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅಕಾಡೆಮಿಕ್ ಸ್ಟಾಫ್ ಕಾಲೇಜು ಅನ್ನುವ ಈ ತರಬೇತಿ ಕೇಂದ್ರಗಳ ಯೋಜನೆ ತಂದಿತು. ನಮ್ಮ ರಾಜ್ಯದಲ್ಲಿ ಮೈಸೂರು, ಬೆಂಗಳೂರು, ಧಾರವಾಡದಂಥ ಕಡೆ ಇವು ಬಂದವು. ಆಗ ಹೊಸಬರಿಗೆ ನಾಲ್ಕು ವಾರದ ಓರಿಯಂಟೇಶನ್, ಅನುಭವಸ್ಥರಿಗೆ ಮೂರು ವಾರದ ರಿಫ್ರೆಶರ್. ದಿನಕ್ಕೆ ಆರು ಗಂಟೆಯಂತೆ ಒಂದಕ್ಕೆ 144 ಗಂಟೆ, ಇನ್ನೊಂದಕ್ಕೆ 108.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1962ರಲ್ಲೇ ಇಂಥ ಕೇಂದ್ರ ತೆರೆದಿತ್ತು. ಅದು ತನ್ನದೇ ಅಧ್ಯಾಪಕರಿಗಾಗಿ ಮಾಡಿಕೊಂಡದ್ದು. ನಮ್ಮಲ್ಲಿ ಹಾಗಲ್ಲ, ಸುತ್ತಲಿನ ಕಾಲೇಜುಗಳ ಮೇಷ್ಟ್ರುಗಳೆಲ್ಲ ಒಂದೇ ಕೇಂದ್ರಕ್ಕೆ ಬಂದು, ಅಲ್ಲೇ ಉಳಿದು ಕಲಿಯಬೇಕಿತ್ತು. ಇದು ದೊಡ್ಡ ವ್ಯತ್ಯಾಸ. ಹಳಬರಿಗೆ ಫೋನ್ ಮಾಡಿದಾಗ ಜಾಸ್ತಿ ಜನ ನೆನೆದದ್ದು ಉಪನ್ಯಾಸಗಳನ್ನಲ್ಲ. ರಾತ್ರಿ ಊಟದ ಮೇಲೆ ವರಾಂಡದಲ್ಲಿ ಕೂತು, "ನಿಮ್ಮಲ್ಲಿ ಹಿಂದಿನ ಬೆಂಚಿನವರನ್ನು ಹೇಗೆ ಸಂಭಾಳಿಸುತ್ತೀರಿ?" ಅಂತ ಕೇಳಿಕೊಂಡ ಮಾತುಗಳನ್ನು.

ಬಡ್ತಿಗೆ ಸರ್ಟಿಫಿಕೇಟ್ ಬೇಕು ಅಂತ ಬಂದವರೇ ಬಹಳ, ನಿಜ. ನಾನೂ ಹಾಗೇ ಬಂದವನು. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆ ನಿಯಮ ಇಲ್ಲದಿದ್ದರೆ ಎಷ್ಟೋ ಜನಕ್ಕೆ ಅವರ ಕಾಲೇಜಿನವರು ನಾಲ್ಕು ವಾರ ರಜೆಯನ್ನೇ ಕೊಡುತ್ತಿರಲಿಲ್ಲ.

ಪಾಠ ಹುಡುಕಲು ಹೊರಟ ನನಗೆ ದಾರಿ ತೋರಿಸಿದ್ದು ಕೇಂದ್ರದ ಹಳೆಯ ಅಟೆಂಡರ್. "ಸಾರ್, ವರದಿಯಲ್ಲಿ ಏನೂ ಸಿಗಲ್ಲ. ಆ ಹಸಿರು ಬೀರು ತೆಗೀರಿ" ಅಂದರು. ಅದರ ತುಂಬಾ ಪ್ರತಿ ಕೋರ್ಸಿನ ವೇಳಾಪಟ್ಟಿ, ಸೈಕ್ಲೋಸ್ಟೈಲ್ ಮಾಡಿದ ಅಭಿಪ್ರಾಯದ ಹಾಳೆ, ಪ್ರೊಜೆಕ್ಟರಿನಲ್ಲಿಟ್ಟು ತೋರಿಸುವ ಪಾರದರ್ಶಕ ಓಎಚ್‌ಪಿ ಶೀಟು. ಗುಂಡುಪಿನ್ನುಗಳು ತುಕ್ಕು ಹಿಡಿದು ಕಾಗದಕ್ಕೇ ಅಂಟಿಕೊಂಡಿದ್ದವು. ಒಂದೊಂದಾಗಿ ಬಿಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ವೇಳಾಪಟ್ಟಿಗಳನ್ನು ವರ್ಷದ ಪ್ರಕಾರ ಗೋಡೆಗೆ ಅಂಟಿಸಿದೆ. ಬೇರೆಯವರ ಉಪನ್ಯಾಸ ಕೇಳುವ ಗಂಟೆಗೆ ನೀಲಿ ಪೆನ್ಸಿಲ್, ಬಂದವರೇ ಎದ್ದು ಪಾಠ ಮಾಡುವ ಗಂಟೆಗೆ ಕೆಂಪು.

ಗೋಡೆಯ ಮುಂದೆ ನಿಂತಾಗ ಚರಿತ್ರೆ ಕಣ್ಣಿಗೆ ಕಂಡಿತು. ಮೊದಲ ವರ್ಷಗಳಲ್ಲಿ ಎಲ್ಲಾ ನೀಲಿ. ಆಮೇಲೆ ಮೈಕ್ರೋ ಟೀಚಿಂಗ್ ಬಂದಲ್ಲಿ ಕೆಂಪು ಚುಕ್ಕೆಗಳು. ಐದಾರು ನಿಮಿಷದ ಪಾಠ, ಜೊತೆಯವರೇ ವಿದ್ಯಾರ್ಥಿಗಳು. ಪಾಠ ಮುಗಿದ ಕೂಡಲೇ ಅವರು ಸರಿ ತಪ್ಪು ಹೇಳಬೇಕು, ಮತ್ತೆ ಅದೇ ಪಾಠ ಮಾಡಬೇಕು. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಕ್ರಮ ಇದು. ಎರಡನೇ ಸಲ ಮಾಡುವುದೇ ಇದರ ಜೀವ.

ಅಭಿಪ್ರಾಯದ ಹಾಳೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು: ನಾವು ಪಾಠ ಮಾಡುವುದು ಕನ್ನಡದಲ್ಲಿ, ಇಲ್ಲಿ ತರಬೇತಿ ಇಂಗ್ಲಿಷಿನಲ್ಲಿ. ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಯಾಕಂದರೆ ಅಂಥ ಒಂದು ಹಾಳೆಯಲ್ಲಿ ನನ್ನದೇ ಕೈಬರಹ ಇತ್ತು. ನಿಧಾನಕ್ಕೆ ಕೆಂಪು ಗಂಟೆಗಳಲ್ಲಿ ಕನ್ನಡ ಬಂತು. ಯಾವ ಸುತ್ತೋಲೆಯಿಂದಲೂ ಅಲ್ಲ, ಒಬ್ಬೊಬ್ಬ ಸಂಯೋಜಕರು "ನಿಮ್ಮ ತರಗತಿಯಲ್ಲಿ ಹೇಗೋ ಹಾಗೇ ಮಾಡಿ" ಅಂದದ್ದರಿಂದ.

ಹೆಸರು ಬದಲಾದದ್ದಕ್ಕೆ ನಾನು ಅರ್ಧ ಪುಟ ಮಾತ್ರ ಕೊಟ್ಟೆ. 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ, 2023ರಲ್ಲಿ ಮಾಲವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರ. ಜನ ಇವತ್ತಿಗೂ ಸ್ಟಾಫ್ ಕಾಲೇಜು ಅಂತಲೇ ಕರೆಯುತ್ತಾರೆ.

ಕಷ್ಟವಾದದ್ದು ಕೊರೋನಾ ಕಾಲ. ಕೋರ್ಸುಗಳು ಆನ್‌ಲೈನ್ ಆದವು, ಹಾಜರಿ ಗೂಗಲ್ ಫಾರ್ಮಿಗೆ ಹೋಯಿತು. ಮೂವತ್ತು ವರ್ಷದ ಹಿಂದಿನ ಕಾಗದ ಕೈಗೆ ಸಿಕ್ಕಿತು, ಮೂರು ವರ್ಷದ ಹಿಂದಿನ ಲಿಂಕ್ ತೆರೆಯಲಿಲ್ಲ! ಆಗ ಬಂದವರನ್ನೇ ಕೇಳಿ ಸ್ಕ್ರೀನ್‌ಶಾಟ್, ವಾಟ್ಸಾಪ್ ಸಂದೇಶಗಳನ್ನು ತರಿಸಿಕೊಂಡೆ. ಇಂಥ ಕೆಲಸ ಮಾಡುವವರು ದಯವಿಟ್ಟು ವೇಳಾಪಟ್ಟಿಯ ಒಂದು ಪ್ರತಿಯನ್ನು ಕಾಗದದಲ್ಲಿ ಇಟ್ಟುಕೊಳ್ಳಿ.

ಬೀರುವಿನ ತಳದಲ್ಲಿ ವಿಡಿಯೋ ಕ್ಯಾಸೆಟ್ಟುಗಳಿದ್ದವು. ಹೆಚ್ಚಿನವಕ್ಕೆ ಬೂಷ್ಟು ಹಿಡಿದಿತ್ತು. ಊರಿನ ಒಂದು ಸ್ಟುಡಿಯೋದವರು ತಾಳ್ಮೆಯಿಂದ ಒಂದನ್ನು ಉಳಿಸಿಕೊಟ್ಟರು. ಹಳ್ಳಿ ಕಡೆಯ ಕಾಲೇಜೊಂದರ ರಸಾಯನಶಾಸ್ತ್ರದ ಮೇಡಂ ಅದರಲ್ಲಿದ್ದಾರೆ. ಬೋರ್ಡಿಗೆ ಮುಖ ಮಾಡಿ ಪರ್ಯಾಪ್ತ ದ್ರಾವಣದ (ಇನ್ನಷ್ಟು ಕರಗಿಸಿಕೊಳ್ಳಲಾರದ ದ್ರಾವಣ) ವ್ಯಾಖ್ಯೆ ಬರೆಯುತ್ತಾರೆ, ಅದನ್ನೇ ಓದುತ್ತಾರೆ. ಕೂತವರಲ್ಲಿ ಒಬ್ಬರು, "ಮೇಡಂ, ಇದು ನಮ್ಮ ಹುಡುಗರಿಗೆ ತಿಳಿಯುತ್ತಾ?" ಅನ್ನುತ್ತಾರೆ. ಮೇಡಂ ಚಾಕ್‌ಪೀಸ್ ಕೆಳಗಿಡುತ್ತಾರೆ. ಅಲ್ಲಿಗೆ ಟೇಪ್ ಮುಗಿಯುತ್ತದೆ.

ಅವರನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಮರುದಿನ ಎರಡನೇ ಸಲ ಪಾಠ ಮಾಡಿದ್ರಾ ಅಂತ ಫೋನಿನಲ್ಲಿ ಕೇಳಿದೆ. "ಮಾಡಿದ್ದೆ. ಹೇಳ್ಲಾ?" ಅಂದರು.

"ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡೋದು ನೋಡಿದ್ದೀರಲ್ವಾ? ಅಚ್ಚಿಗೆ ಹೊಯ್ಯುವಾಗ ಪಾಕ ಹರಿಯುತ್ತೆ. ತಣ್ಣಗಾದ ಮೇಲೆ ಆನೆ, ಕುದುರೆ ಆಗಿ ಎದ್ದು ಬರುತ್ತೆ. ಬಿಸಿಯಲ್ಲಿ ಅಷ್ಟೊಂದು ಸಕ್ಕರೆ ಹಿಡಿದುಕೊಂಡಿದ್ದ ನೀರು, ತಣ್ಣಗಾದಾಗ ಯಾಕೆ ಬಿಟ್ಟುಕೊಡ್ತು?"

ನನ್ನ ಉತ್ತರಕ್ಕೆ ಕಾದರು. ನಾನು ಅರ್ಥಶಾಸ್ತ್ರದವನು, ತಡವರಿಸಿದೆ. ಆದರೂ ತಾವೇ ಉತ್ತರ ಹೇಳಲಿಲ್ಲ, ಇನ್ನೊಂದು ಸಣ್ಣ ಪ್ರಶ್ನೆ ಕೇಳಿ ನನ್ನಿಂದಲೇ ಹೇಳಿಸಿದರು. ಆಮೇಲೆ ಗಡಿಯಾರ ನೋಡಿದರೆ ಆರು ನಿಮಿಷ ಆಗಿತ್ತು. ಪುಸ್ತಕದ ಮೊದಲ ಅಧ್ಯಾಯ ಈಗ ಆ ಪಾಠ.