ದಿನಾ ಫೋನ್ ಮಾಡ್ತೀನಿ ಅಂತ ಹೇಳಿ ಹೋಗಬೇಡಿ

ಕುದುರೆಮುಖಕ್ಕೆ ಹೊರಟಾಗ ಅಮ್ಮನಿಗೆ ಹೇಳಿದ್ದು ಒಂದೇ ಮಾತು. "ಸಂಜೆ ಐದಕ್ಕೆ ಫೋನ್ ಮಾಡ್ತೀನಿ." ಆಮೇಲೆ ನಡೆದ ರಂಪಕ್ಕೆಲ್ಲ ಆ ಮಾತೇ ಕಾರಣ.

ಅದು 2016ರ ಸೆಪ್ಟೆಂಬರ್. ಮೈಸೂರಿನಿಂದ ನಾವು ನಾಲ್ಕು ಜನ ಮೇಷ್ಟ್ರುಗಳು ಹೋಗಿದ್ದೆವು. ಕಳಸದ ಹತ್ತಿರ ಸಂಸೆ, ಅಲ್ಲಿಂದ ಬಾಳೆಗಲ್, ಆಮೇಲೆ ಜೀಪಿನಲ್ಲಿ ಮುಳ್ಳೋಡಿ. ಜೀಪು ಹತ್ತಿದ ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಟವರ್ ಮಾಯ. ಬೆಟ್ಟ ಹತ್ತಿ ಇಳಿಯುವುದು ಸುಮಾರು 20 ಕಿಲೋಮೀಟರ್. ಮಳೆ, ಮಂಜು, ಕಾಲಿಗೆಲ್ಲ ಇಂಬಳ. ಕೆಳಗೆ ಬಂದಾಗ ಆರೂವರೆ. ಉಳಿದುಕೊಂಡಿದ್ದ ಮನೆಯವರು ಬಿಸಿನೀರು ಕೊಟ್ಟರು, ಬಿಸಿ ಕಡುಬು ಕೊಟ್ಟರು. ಟವರ್ ಮಾತ್ರ ಅವರ ಕೈಯಲ್ಲಿರಲಿಲ್ಲ.

ಅತ್ತ ಅರಸೀಕೆರೆಯಲ್ಲಿ ಅಮ್ಮ ಐದು ಗಂಟೆಯಿಂದ ಫೋನ್ ಹಿಡಿದು ಕೂತಿದ್ದಳು. ಎಷ್ಟು ಸಲ ಮಾಡಿದರೂ "ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಅನ್ನುವ ಅದೇ ದನಿ. ಏಳಕ್ಕೆ ಅಮ್ಮ ಮಾವನಿಗೆ ಫೋನ್ ಮಾಡಿದಳು. ಮಾವ ಚಿಕ್ಕಮಗಳೂರಿನ ಪರಿಚಯದವರಿಗೆ ಮಾಡಿದರು. ಅವರು ಕಳಸದ ಯಾರಿಗೋ ಮಾಡಿದರು. ಆ ಯಾರೋ "ಇವತ್ತು ಮೇಲೆ ಮಳೆ ಜೋರಿದೆ" ಅಂದರಂತೆ. ಅಷ್ಟು ಸಾಕಾಯಿತು. ರಾತ್ರಿಯಿಡೀ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ನಾನು ಮುಳ್ಳೋಡಿಯಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಮಧ್ಯಾಹ್ನ ಬೆಟ್ಟದ ಮೇಲೆ ಒಂದು ಕಡೆ ಟವರ್ ಬಂದ ಹಾಗಾಯಿತು. "ತಡ ಆಗುತ್ತೆ, ಕಾಯಬೇಡ" ಅಂತ ವಾಟ್ಸಾಪ್ ಕಳಿಸಿದ್ದೆ. ಒಂದೇ ಟಿಕ್ ಬಿತ್ತು. ಒಂದು ಟಿಕ್ ಬಿದ್ದರೆ ನಮ್ಮ ಫೋನಿಂದ ಹೊರಟಿದೆ ಅಂತ ಅರ್ಥ, ಆದರೆ ಅಮ್ಮನ ಫೋನಿನಲ್ಲಿ ಡೇಟಾ ಆಫ್ ಆಗಿತ್ತು. ಮಾರನೇ ಬೆಳಿಗ್ಗೆ ಮಾವ ಬಂದು ಅದನ್ನು ಆನ್ ಮಾಡಿದಾಗ ಆ ಸಂದೇಶ ಕಾಣಿಸಿತು. ಎಲ್ಲರೂ ಅದನ್ನು ಆಗ ತಾನೇ ಕಳಿಸಿದ್ದು ಅಂದುಕೊಂಡರು. ಇನ್ನೂ ತಡವೇ, ಎಲ್ಲಿಗೆ ತಡ, ಅಂತ ಗಾಬರಿ ಎರಡರಷ್ಟಾಯಿತು.

ಕಳಸಕ್ಕೆ ಬಂದು ಫೋನ್ ಮಾಡಿದೆ. ಬೈಗುಳಕ್ಕೆ ತಯಾರಾಗಿಯೇ ಇದ್ದೆ. ಅಮ್ಮ ಬೈಯಲಿಲ್ಲ. "ನೀನು ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೋ. ಐದು ಗಂಟೆ ಅಂತ ಯಾಕೆ ಹೇಳ್ದೆ? ಏನೂ ಹೇಳ್ದೆ ಹೋಗಿದ್ರೆ ಆರಾಮಾಗಿ ಮಲಗಿರ್ತಿದ್ದೆ" ಅಂದಳು.

ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಕಾಡಿಗೆ ಹೋಗುವಾಗ ನಾವು ಫೋನ್, ಸಿಮ್ಮು, ಪವರ್ ಬ್ಯಾಂಕ್ ಬಗ್ಗೆ ಯೋಚಿಸುತ್ತೇವೆ. ಫೋನ್ ಬರದೇ ಇದ್ದಾಗ ಮನೆಯವರು ಏನು ಅಂದುಕೊಳ್ಳಬೇಕು ಅನ್ನುವುದನ್ನು ಮಾತ್ರ ಯಾರೂ ಮಾತಾಡಿಕೊಳ್ಳುವುದಿಲ್ಲ.

ಮುಂದಿನ ಸಲ ಅದನ್ನೇ ಮೊದಲು ಮಾತಾಡಿದೆ. 2018ರ ಜನವರಿಯಲ್ಲಿ ಹುಲಿ ಗಣತಿಗೆ ಸ್ವಯಂಸೇವಕನಾಗಿ ನಾಗರಹೊಳೆಗೆ ಹೋದೆ. ನಾಲ್ಕು ವರ್ಷಕ್ಕೊಮ್ಮೆ ದೇಶಕ್ಕೆಲ್ಲ ಒಟ್ಟಿಗೆ ನಡೆಯುವ ಗಣತಿ ಇದು. ಗಣತಿ ಅಂದರೆ ಹುಲಿಯನ್ನು ನಿಲ್ಲಿಸಿ ಎಣಿಸುವುದಲ್ಲ. ಮೊದಲ ಮೂರು ದಿನ ದಿನಕ್ಕೆ ಐದು ಕಿಲೋಮೀಟರ್ ನಡೆದು ಹೆಜ್ಜೆ ಗುರುತು, ಹಿಕ್ಕೆ, ಮರದ ಮೇಲಿನ ಉಗುರಿನ ಗೀರು ಗುರುತು ಮಾಡಿಕೊಳ್ಳುವುದು. ಆಮೇಲೆ ಮೂರು ದಿನ ಎರಡು ಕಿಲೋಮೀಟರಿನ ನೇರ ದಾರಿಯಲ್ಲಿ ಸದ್ದಿಲ್ಲದೆ ನಡೆದು ಜಿಂಕೆ, ಕಡವೆ, ಕಾಟಿ ಎಣಿಸುವುದು. ಕಾಡಿನಲ್ಲಿ ಕ್ಯಾಮೆರಾ ಕಟ್ಟಿ ಹುಲಿಯ ಫೋಟೊ ತೆಗೆಯುವ ಕೆಲಸ ಬೇರೆ. ಮುಂದಿನ ವರ್ಷ ಜುಲೈನಲ್ಲಿ ಫಲಿತಾಂಶ ಬಂತು. ಮಧ್ಯಪ್ರದೇಶಕ್ಕೆ 526, ಕರ್ನಾಟಕಕ್ಕೆ 524. "ಎರಡು ಹುಲೀನ ನೀನೇ ಬಿಟ್ಟಿರ್ತೀಯ" ಅಂತ ಅಮ್ಮ ಈಗಲೂ ರೇಗಿಸುತ್ತಾಳೆ.

ಆರು ದಿನ ಇರಬೇಕಾದ್ದು ಕಾಡಿನ ಒಳಗಿನ ಕಳ್ಳಬೇಟೆ ತಡೆ ಕ್ಯಾಂಪಿನಲ್ಲಿ. ಸುತ್ತ ಆನೆ ಕಂದಕ, ಒಳಗೆ ಒಂದು ಪುಟ್ಟ ಕಟ್ಟಡ, ಒಂದು ಸೋಲಾರ್ ದೀಪ. ಟವರ್ ಇಲ್ಲ ಅಂತ ಮೊದಲೇ ಹೇಳಿದ್ದರು. ಅಲ್ಲದೆ, ಬೆಳಗಿನ ಜಾವ ಆ ನೇರ ದಾರಿಯಲ್ಲಿ ನಡೆಯುವಾಗ ಫೋನ್ ರಿಂಗ್ ಆದರೆ ಮುಂದಿರುವ ಪ್ರಾಣಿಯೆಲ್ಲ ಓಟ. ಹಾಗಾಗಿ ಟವರ್ ಇದ್ದರೂ ಉಪಯೋಗ ಇರಲಿಲ್ಲ.

ಹೊರಡುವ ಮುಂಚೆ ಮಾಡಿದ ಮೊದಲ ಕೆಲಸ, ಸುದ್ದಿಗೆ ಒಬ್ಬರನ್ನೇ ಗೊತ್ತು ಮಾಡಿದ್ದು. ನನ್ನ ಹೆಂಡತಿ. ಅಮ್ಮ, ಮಾವ, ಅತ್ತೆ, ಯಾರಿಗೇ ಚಿಂತೆಯಾದರೂ ಅವಳಿಗೆ ಫೋನ್ ಮಾಡಬೇಕು. ಬೇರೆ ಯಾರಿಗೂ ಮಾಡುವ ಹಾಗಿಲ್ಲ. ಮಾವನಿಗೆ ಇದು ಸ್ವಲ್ಪ ಅವಮಾನ ಅನಿಸಿತು. ಇರಲಿ.

ಎರಡನೆಯದು, ಒಂದು ಹಾಳೆ. ಅಡುಗೆಮನೆಯ ಕ್ಯಾಲೆಂಡರ್ ನೇತು ಹಾಕಿದ ಮೊಳೆಗೇ ಚುಚ್ಚಿಟ್ಟೆ. ವಲಯ ಅರಣ್ಯ ಕಚೇರಿಯ ಫೋನ್ ನಂಬರ್, ನನ್ನ ಕ್ಯಾಂಪಿನ ಹೆಸರು, ಜೊತೆಗಿರುವ ಇನ್ನೊಬ್ಬ ಸ್ವಯಂಸೇವಕರ ಮನೆ ನಂಬರ್, ನನ್ನ ರಕ್ತದ ಗುಂಪು, ವಿಮೆಯ ಕಾಗದ ಯಾವ ಡ್ರಾಯರಿನಲ್ಲಿದೆ ಅನ್ನುವುದು. ಎಲ್ಲದಕ್ಕಿಂತ ಕೆಳಗೆ, ದೊಡ್ಡದಾಗಿ ಒಂದು ಸಾಲು: "ಭಾನುವಾರ ಬೆಳಿಗ್ಗೆ ಹತ್ತರವರೆಗೆ ನನ್ನಿಂದ ಫೋನ್ ಬರದಿದ್ದರೆ ಮಾತ್ರ ವಲಯ ಕಚೇರಿಗೆ ಫೋನ್ ಮಾಡು. ಅಲ್ಲಿಯವರೆಗೆ ಸದ್ದಿಲ್ಲ ಅಂದರೆ ಆರಾಮ ಅಂತ ಅರ್ಥ."

ಈ ಹತ್ತು ಗಂಟೆ ಸುಮ್ನೆ ಬರೆದದ್ದಲ್ಲ. ನಾವು ಹೊರಗೆ ಬರಬೇಕಾದ್ದು ಶನಿವಾರ ಮಧ್ಯಾಹ್ನ. ಮೊದಲು ಹೆಂಡತಿ "ಹಾಗಾದ್ರೆ ಶನಿವಾರ ರಾತ್ರಿ ಒಂಬತ್ತು ಅಂತ ಬರೀರಿ" ಅಂದಳು. ಆದರೆ ನಾಗರಹೊಳೆಯ ರಸ್ತೆ ಸಂಜೆ ಆರಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಇಲಾಖೆಯ ಜೀಪು ಬೇರೆ ಕೆಲಸಕ್ಕೆ ಹೋಯಿತು, ಸಂಜೆಯಾಯಿತು ಅಂತಿಟ್ಟುಕೊಳ್ಳಿ. ನಮ್ಮನ್ನು ಇನ್ನೊಂದು ರಾತ್ರಿ ಅಲ್ಲೇ ಇರಿಸುತ್ತಾರೆ. ಅಂಥ ಮಾಮೂಲಿ ತಡಕ್ಕೆಲ್ಲ ಮನೆಯಲ್ಲಿ ಗಂಟೆ ಬಾರಿಸಬಾರದು ಅಲ್ವಾ? ಅದಕ್ಕೇ ಗಡುವನ್ನು ಆ ಜಾಗದ ರೀತಿ ನೋಡಿ ಇಡಬೇಕು. ನಮ್ಮ ಆಸೆ ನೋಡಿ ಅಲ್ಲ. ಕೊನೆಗೆ ಜೀಪು ಬಂದದ್ದು ನಾಲ್ಕು ಗಂಟೆಗೆ. ತಡವಾಯಿತು ಅಂತ ಮನೆಯಲ್ಲಿ ಯಾರೂ ಒಂದು ಫೋನೂ ಮಾಡಿರಲಿಲ್ಲ.

ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಪ್ಪನ ಮಗ "ಇಷ್ಟೆಲ್ಲ ಯಾಕೋ, ನನ್ನ ಸ್ಯಾಟಲೈಟ್ ಮೆಸೆಂಜರ್ ಕಳಿಸ್ತೀನಿ, ಎಲ್ಲಿಂದ ಬೇಕಾದ್ರೂ ಮೆಸೇಜ್ ಮಾಡು" ಅಂದ. ಟವರ್ ಇಲ್ಲದೆ ನೇರ ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಡಬ್ಬಿ ಅದು. ಅಲ್ಲಿನ ಕಾಡುಗಳಿಗೆ ಹೋಗುವವರ ಚೀಲದಲ್ಲಿ ಇರುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವುದೇ ಅಪರಾಧ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದ ವಿದೇಶಿ ಪ್ರವಾಸಿಗಳಿದ್ದಾರೆ. ಹೊರದೇಶದಿಂದ ರಜಕ್ಕೆ ಬಂದು ಕಾಡಿಗೆ ಹೋಗುವವರು ಇದನ್ನು ಮರೆಯಬೇಡಿ. ಅಲ್ಲಿ ಜೀವ ಉಳಿಸುವ ಡಬ್ಬಿ ಇಲ್ಲಿ ಠಾಣೆ ಹತ್ತಿಸುತ್ತದೆ.

ಕ್ಯಾಂಪಿಗೆ ಹೋದ ಎರಡನೇ ದಿನ ಗೊತ್ತಾಯಿತು, ಟವರ್ ಪೂರ್ತಿ ಇಲ್ಲ ಅಂತಲ್ಲ. ನಮ್ಮ ಜೊತೆ ಇದ್ದ ವಾಚರ್ ಅದೇ ಕಾಡಿನಲ್ಲಿ ಹುಟ್ಟಿದ ಜೇನುಕುರುಬರು. ನಾನು ಫೋನ್ ಎತ್ತಿ ಎತ್ತಿ ನೋಡುವುದನ್ನು ಒಂದು ದಿನ ಸುಮ್ಮನೆ ನೋಡಿದರು. ಆಮೇಲೆ ನಕ್ಕು, "ಇಲ್ಲಿ ಬರಾಕಿಲ್ಲ ಸಾರ್. ನಾಳೆ ಹೋಗೋ ದಾರೀಲಿ ಕೆರೆ ಏರಿ ಸಿಗ್ತದೆ. ಅದರ ಆ ತುದೀಲಿ ಮತ್ತಿ ಮರ. ಅದರ ಕೆಳಗೆ ನಿಂತ್ರೆ ಬತ್ತದೆ, ಒಂದು ಹೆಜ್ಜೆ ಈಚೆಗೆ ಬಂದ್ರೆ ಇಲ್ಲ" ಅಂದರು. ನಿಜ. ಆ ಮರದ ಕೆಳಗೆ ಎರಡು ಕಡ್ಡಿ. ಎರಡು ಹೆಜ್ಜೆ ಆಚೀಚೆಯಾದರೆ ಸೊನ್ನೆ.

ಕಾಡಿನಂಚಿನ ಊರುಗಳಲ್ಲೆಲ್ಲ ಹೀಗೆ ಒಂದೊಂದು ಮರ, ಒಂದೊಂದು ಬಂಡೆ ಇರುತ್ತದೆ. ಯಾವ ಸಿಮ್ಮು ಹಿಡಿಯುತ್ತದೆ ಅನ್ನುವುದೂ ಅವರಿಗೇ ಗೊತ್ತು. ಮ್ಯಾಪ್ ನೋಡುವುದಕ್ಕಿಂತ ಕೇಳುವುದು ವಾಸಿ. ಆದರೆ ಟವರ್ ಹುಡುಕಿಕೊಂಡು ಒಬ್ಬರೇ ಹೋಗಬೇಡಿ. ಸಂಜೆಯಾದರೆ ಆ ಏರಿ ಆನೆಗಳದ್ದು. ನಾವು ಹೋದದ್ದು ಕೆಲಸದ ದಾರಿಯಲ್ಲಿ, ಬೆಳಗಿನ ಹೊತ್ತು, ಗಾರ್ಡ್ ಜೊತೆ. ನಿಂತದ್ದು ಎರಡು ನಿಮಿಷ.

ಆ ಎರಡು ನಿಮಿಷದಲ್ಲಿ ಮಾತಾಡಲು ಹೋಗಿ ಮೊದಲ ದಿನ ಪೆಚ್ಚಾದೆ. "ಹಲೋ, ಕೇಳಿಸ್ತಿದ್ಯಾ" ಅನ್ನುವುದರಲ್ಲೇ ಕಟ್. ಇದು ಕರೆ ಬರದೇ ಇರುವುದಕ್ಕಿಂತ ಕೆಟ್ಟದ್ದು, ಮನೆಯವರು ಏನೇನೋ ಊಹಿಸುತ್ತಾರೆ. ಕರೆಗೆ ಸಿಗ್ನಲ್ ಒಂದೇ ಸಮ ಇರಬೇಕು. ಎಸ್ಸೆಮ್ಮೆಸ್ಸಿಗೆ ಒಂದೆರಡು ಕ್ಷಣ ಸಿಕ್ಕರೆ ಸಾಕು. ಆ ಕಡೆಯ ಫೋನ್ ಆಫ್ ಇದ್ದರೂ ಅದು ಕಂಪನಿಯ ಕೇಂದ್ರದಲ್ಲಿ ಕಾದು ಕೂತು ಆಮೇಲೆ ತಲುಪುತ್ತದೆ, ಡೇಟಾ ಬೇಡ. ಹಾಗಾಗಿ ಮಾರನೇ ದಿನದಿಂದ ಕ್ಯಾಂಪಿನಲ್ಲೇ ಸಂದೇಶ ಬರೆದಿಟ್ಟುಕೊಂಡು, ಮರದ ಕೆಳಗೆ ಕಳಿಸುವ ಗುಂಡಿ ಮಾತ್ರ ಒತ್ತುತ್ತಿದ್ದೆ.

ಅದರಲ್ಲೂ ಒಂದು ಕಿತಾಪತಿ ಇದೆ. ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್ಸಿಗೆ 70 ಅಕ್ಷರ ಮಾತ್ರ. ಇಂಗ್ಲಿಷ್ ಅಕ್ಷರದಲ್ಲಾದರೆ 160. ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. ಜಾಸ್ತಿಯಾದರೆ ಸಂದೇಶ ತುಂಡುಗಳಾಗಿ ಹೋಗುತ್ತದೆ, ಟವರ್ ಅರ್ಧಂಬರ್ಧ ಇರುವಲ್ಲಿ ಒಂದು ತುಂಡು ಹೋಗಿ ಇನ್ನೊಂದು ಉಳಿಯಬಹುದು. ನಾನು ಬರೆಯುತ್ತಿದ್ದದ್ದು ಇಷ್ಟೇ: "ಗುರು ಬೆಳಿಗ್ಗೆ 7.30. ಆರಾಮ." ವಾರ, ಗಂಟೆ ಹಾಕುವುದು ಕುದುರೆಮುಖದ ಪಾಠ. ಯಾವಾಗ ತಲುಪಿದರೂ ಯಾವಾಗಿನದು ಅಂತ ಗೊತ್ತಾಗಬೇಕು.

ಉಳಿದ ಹೊತ್ತೆಲ್ಲ ಫೋನ್ ಏರೋಪ್ಲೇನ್ ಮೋಡಿನಲ್ಲಿ. ಟವರ್ ಇಲ್ಲದ ಕಡೆ ಫೋನ್ ಅದನ್ನು ಹುಡುಕುತ್ತಾ ಹುಡುಕುತ್ತಾ ಬ್ಯಾಟರಿ ತಿಂದುಬಿಡುತ್ತದೆ. ಸೋಲಾರಿನಲ್ಲಿ ಬರುವ ಕರೆಂಟು ದೀಪಕ್ಕೆ, ವಾಕಿಟಾಕಿಗೆ. ನಮ್ಮ ಫೋನಿಗೆ ಕೇಳಲು ಮುಖ ಬರಲಿಲ್ಲ.

ಇಷ್ಟೆಲ್ಲ ಕಾಡಿನಿಂದ ಮನೆಗೆ ಸುದ್ದಿ ಹೋಗುವ ದಾರಿ. ಮನೆಯಿಂದ ಕಾಡಿಗೆ? ಇದನ್ನು ಕೇಳಿದ್ದು ನನ್ನ ಹೆಂಡತಿ. "ನಿಮಗೇನಾದ್ರೂ ಆದ್ರೆ ಇಲಾಖೆಯವರು ನೋಡ್ಕೋತಾರೆ ರೀ. ಇಲ್ಲಿ ನಮಗೇನಾದ್ರೂ ಆದ್ರೆ ನಿಮಗೆ ಹೇಳೋರು ಯಾರು?" ನಿಜವಾಗಿ ನನಗೆ ಹೊಳೆದೇ ಇರಲಿಲ್ಲ. ನಾನು ಹೊರಡುವ ದಿನ ನಾಲ್ಕು ವರ್ಷದ ಮಗನಿಗೆ ಮೈ ಬೆಚ್ಚಗಿತ್ತು. "ಹೋಗಿ, ಮಾಮೂಲಿ ಜ್ವರ" ಅಂತ ಅವಳೇ ಕಳಿಸಿದ್ದು.

ಕ್ಯಾಂಪುಗಳಲ್ಲಿ ವಾಕಿಟಾಕಿ ಇರುತ್ತದೆ. ಬೆಳಿಗ್ಗೆ, ಸಂಜೆ ಪ್ರತಿ ಕ್ಯಾಂಪಿನವರೂ ವಲಯ ಕಚೇರಿಗೆ ವರದಿ ಹೇಳುತ್ತಾರೆ. ಅದು ಇಲಾಖೆಯ ಕೆಲಸಕ್ಕೆ ಇರುವುದು, ನಮ್ಮ ಕುಶಲ ಸಮಾಚಾರಕ್ಕಲ್ಲ. ಆದರೆ ತರಬೇತಿಯ ದಿನ ಕೇಳಿದಾಗ ಕಚೇರಿಯವರು "ಮನೇಲಿ ಏನಾದ್ರೂ ತುರ್ತು ಇದ್ರೆ ಫೋನ್ ಮಾಡೋಕೆ ಹೇಳಿ, ವೈರ್‌ಲೆಸ್‌ನಲ್ಲಿ ತಿಳಿಸ್ತೀವಿ" ಅಂದಿದ್ದರು. ಹಾಳೆಯಲ್ಲಿ ಅದನ್ನೂ ಬರೆದಿದ್ದೆ. ತುರ್ತು ಇದ್ದರೆ ಮಾತ್ರ ಅಂತ ಕೆಳಗೆ ಗೆರೆ ಎಳೆದಿದ್ದೆ.

ಬುಧವಾರ ಸಂಜೆ ವರದಿಯ ಹೊತ್ತು. ನಾವು ಒಲೆಯ ಹತ್ತಿರ ಮುದ್ದೆ, ಹುರುಳಿ ಸಾರು ಉಣ್ಣುತ್ತಾ ಕೂತಿದ್ದೆವು. ವಾಕಿಟಾಕಿಯಲ್ಲಿ ನಮ್ಮ ಕ್ಯಾಂಪಿನ ಹೆಸರು ಬಂತು. ಆಮೇಲೆ, "ಮೈಸೂರು ಮೇಷ್ಟ್ರಿಗೆ ಮೆಸೇಜ್. ಮನೆಯಿಂದ ಫೋನ್ ಬಂದಿತ್ತು." ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಎದೆ ಡವಡವ. ಗರಗರ ಸದ್ದು. ಆಮೇಲೆ ಉಳಿದದ್ದು ಬಂತು: "ಮಗೂಗೆ ಜ್ವರ ಇಳಿದಿದೆಯಂತೆ. ಗಾಬರಿ ಬೇಡ ಅಂತ ಹೇಳಿದ್ದಾರೆ. ಓವರ್."

ಹೆಂಡತಿ ಗೆರೆ ದಾಟಿದ್ದಳು. ಆಮೇಲೆ ಕೇಳಿದರೆ, "ನೀವು ಜ್ವರದ ಯೋಚನೇಲೇ ಆನೆ ಮುಂದೆ ಹೋಗಿ ನಿಂತ್ರೆ ಅದೂ ತುರ್ತೇ ತಾನೆ" ಅಂದಳು. ಉತ್ತರ ಕೊಡಲು ಆಗಲಿಲ್ಲ. ಹೇಳುವ ಕ್ರಮ ಮಾತ್ರ ತಿದ್ದಿಕೊಂಡೆವು. ಒಳ್ಳೆಯ ಸುದ್ದಿಯಾದರೆ "ಎಲ್ಲ ಆರಾಮ" ಅನ್ನುವುದು ಮೊದಲು ಬರಬೇಕು, ಯಾರು ಫೋನ್ ಮಾಡಿದ್ದು ಅನ್ನುವುದು ಆಮೇಲೆ.

ಶನಿವಾರ ಸಂಜೆ ವಲಯ ಕಚೇರಿಯ ಅಂಗಳದಲ್ಲಿ ಎಲ್ಲ ಕ್ಯಾಂಪುಗಳಿಂದ ಬಂದವರು ಸೇರಿದ್ದೆವು. ಫಾರಂಗಳನ್ನು ಒಪ್ಪಿಸಿ ಟೀ ಕುಡಿಯುತ್ತಿದ್ದೆ. ಬೇರೆ ಯಾವುದೋ ಕ್ಯಾಂಪಿನ ವಾಚರ್ ಒಬ್ಬರು, ನಾನು ಮುಖ ನೋಡಿಲ್ಲದವರು, ಹತ್ತಿರ ಬಂದರು.

"ನೀವೇನಾ ಸಾರ್ ಮೈಸೂರು ಮೇಷ್ಟ್ರು? ಮಗೂಗೆ ಜ್ವರ ಪೂರ್ತಿ ಬಿಡ್ತಾ?"

ಬಿಟ್ಟಿದೆ ಅಂದೆ. ನಿಮಗೆ ಹೇಗೆ ಗೊತ್ತು ಅಂತ ಕೇಳಬೇಕಾಗಿರಲಿಲ್ಲ. ಒಂದು ವಾಕಿಟಾಕಿಯಲ್ಲಿ ಹೇಳಿದ್ದು ಎಲ್ಲ ವಾಕಿಟಾಕಿಗೂ ಕೇಳುತ್ತದೆ.

"ಬುಧವಾರ ಮೆಸೇಜ್ ಬಂತು. ಆಮೇಲೆ ಮೂರು ದಿನ ಏನೂ ಬರ್ಲಿಲ್ವಲ್ಲ" ಅಂದರು ಅವರು. "ಅದಕ್ಕೇ ಯೋಚ್ನೆ ಆಗಿತ್ತು."