‘ನಂಗೇನೂ ಕಾಣ್ಲಿಲ್ಲ ಮೇಡಂ’

ಡಬ್ ಅಂತ ಶಬ್ದ ಬಂದ ಎರಡೇ ನಿಮಿಷಕ್ಕೆ ನನ್ನ ಕಾರಿನ ಸುತ್ತ ಹದಿನೈದು ಜನ ಸೇರಿದ್ದರು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. “ಕ್ರಾಸಿಂದ ಬರೋನು ನಿಲ್ಲಿಸಿ ನೋಡ್ಬೇಕಲ್ವಾ?” “ಮೇಡಂ ನೆಟ್ಟಗೆ ಹೋಗ್ತಿದ್ರು, ಅವನೇ ಬಂದು ಗುದ್ದಿದ.” ನನಗೆ ಧೈರ್ಯ ಬಂತು. “ನಿಮ್ಮಲ್ಲಿ ಯಾರಾದ್ರೂ ಸಾಕ್ಷಿ ಹೇಳ್ತೀರಾ?” ಅಂದೆ. ಒಬ್ಬರಿಗೆ ಆಫೀಸಿಗೆ ಹೊತ್ತಾಯಿತು. ಒಬ್ಬರು ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ನೋಡಿಕೊಂಡು ಮನೆ ಕಡೆ ಹೊರಟರು. ಕೊನೆಗೆ ಉಳಿದದ್ದು ನಾನು, ಗೂಡ್ಸ್ ಗಾಡಿಯ ಡ್ರೈವರ್ ಮತ್ತು ಒಂದು ನಾಯಿ.

ಇದು ಮೈಸೂರಿನ ಕುವೆಂಪುನಗರದ ಒಂದು ಕ್ರಾಸ್. ಶುಕ್ರವಾರ ಬೆಳಿಗ್ಗೆ 7.40. ನಾನು ಕಾಲೇಜಿಗೆ ಹೊರಟಿದ್ದೆ. ಗಾಡಿ ಎಡಗಡೆ ಕ್ರಾಸಿಂದ ಬಂದು ನನ್ನ ಮುಂದಿನ ಎಡ ಬಾಗಿಲಿಗೆ ಗುದ್ದಿತು. ಯಾರಿಗೂ ಏಟಾಗಲಿಲ್ಲ. ಡ್ರೈವರ್ ಹುಡುಗ ಕೈ ಮುಗಿದು, “ತಪ್ಪಾಯ್ತು ಮೇಡಂ, ಓನರಿಗೆ ಹೇಳಿ ಮಾಡಿಸ್ಕೊಡ್ತೀನಿ” ಅಂದ. ನಂಬರ್ ಕೊಟ್ಟ. ಗಾಡಿ ತೆಗೆಯುವ ಮೊದಲು ನಾನು ಏಳೆಂಟು ಫೋಟೋ ಹೊಡೆದುಕೊಂಡೆ. ಅದೊಂದು ಬುದ್ಧಿ ಇತ್ತು.

ಮಾರನೇ ದಿನ ಸಂಜೆ ಓನರ್ ಫೋನ್ ಮಾಡಿದರು. ನಾನು ಇಂಡಿಕೇಟರ್ ಹಾಕದೆ ಎಡಕ್ಕೆ ತಿರುಗಿಸಿದೆನಂತೆ. ಬಂಪರ್, ಹೆಡ್‌ಲೈಟು, ಎರಡು ದಿನದ ಬಾಡಿಗೆ ಎಲ್ಲಾ ಸೇರಿ 18 ಸಾವಿರ ನಾನೇ ಕೊಡಬೇಕಂತೆ.

ನನ್ನ ಕಾರಿನ ರಿಪೇರಿಗೆ ಸಾಕ್ಷಿಯೇ ಬೇಕಿರಲಿಲ್ಲ. ಫುಲ್ ಇನ್ಶೂರೆನ್ಸ್ ಇತ್ತು. ಕ್ಲೇಮಿಗೆ ಇನ್ಶೂರೆನ್ಸ್‌ನವರು ಕೇಳಿದ್ದು ಆರ್‌ಸಿ, ಡಿಎಲ್, ಫೋಟೋ, ಹೇಗಾಯಿತು ಅಂತ ನಾಲ್ಕು ಸಾಲು. ಮೂರು ವರ್ಷ ಕ್ಲೇಮ್ ಮಾಡದೆ ಸಿಕ್ಕಿದ್ದ 35% ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಕೊಡುವ ರಿಯಾಯಿತಿ, ಹೋಗುತ್ತೆ ಅಂತ ಸಂಕಟ ಆಯಿತು. ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಮೂರು ಸಾವಿರ ಚಿಲ್ಲರೆ, ರಿಪೇರಿ ಬಿಲ್ಲು ಇಪ್ಪತ್ತೊಂದು ಸಾವಿರ. ಕ್ಲೇಮ್ ಮಾಡಿದೆ. ಸಾಕ್ಷಿ ಬೇಕಾಗಿದ್ದು ಆ 18 ಸಾವಿರದ ಮಾತಿಗೆ. ಹೋಗಲಿ ಅಂತ ತಪ್ಪು ಒಪ್ಪಿಕೊಂಡು ಬರೆದುಕೊಡುವ ಹಾಗೂ ಇಲ್ಲ. ಇನ್ಶೂರೆನ್ಸ್‌ನವರನ್ನು ಕೇಳದೆ ಹಾಗೆ ಒಪ್ಪಿಕೊಳ್ಳಬಾರದು ಅಂತ ಪಾಲಿಸಿಯಲ್ಲೇ ಷರತ್ತು ಇರುತ್ತದೆ.

ಸ್ಟೇಷನ್ನಿಗೆ ಹೋಗಿ ಅರ್ಜಿ ಕೊಟ್ಟೆ, ಸ್ವೀಕೃತಿ ತಗೊಂಡೆ. ಎಎಸ್ಐ ಅರ್ಜಿ ಓದಿ, “ನೀವೊಂದು ಹೇಳ್ತೀರಿ, ಅವರೊಂದು ಹೇಳ್ತಾರೆ. ನೋಡಿದೋರು ಯಾರಾದ್ರೂ ಇದಾರಾ?” ಅಂದರು.

ಆವತ್ತು ರಾತ್ರಿ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಎರಡು ಸಂಗತಿ ಸಿಕ್ಕವು. ಒಂದು, ನನ್ನ ಕಾರಿನ ಮುಂದಿನ ಚಕ್ರ ನೆಟ್ಟಗಿತ್ತು. ಅದನ್ನು ಬೇಕಂತ ತೆಗೆದಿರಲಿಲ್ಲ, ಸುಮ್ನೆ ಫ್ರೇಮಿನಲ್ಲಿ ಬಂದಿತ್ತು. ಇನ್ನೊಂದು, ಹಿಂದೆ ನಿಂತಿದ್ದವರು. ಒಂದು ಆಟೋ ನಂಬರ್, ಟೀ ಅಂಗಡಿ, ಮಂಕಿ ಕ್ಯಾಪ್ ಹಾಕಿದ ಹಿರಿಯರು, ಮೂಲೆಯಲ್ಲಿ ಹೂವಿನ ಬುಟ್ಟಿ. ಸೋಮವಾರ ಬೆಳಿಗ್ಗೆ ಏಳೂವರೆಗೇ ಹೋಗಿ ನಿಂತೆ. ಬೆಳಗಿನ ಹೊತ್ತು ಒಂದು ರಸ್ತೆಯಲ್ಲಿ ದಿನಾ ಓಡಾಡುವವರು ಅವರೇ. ಸಂಜೆ ಹೋಗಿದ್ದರೆ ಬೇರೆಯದೇ ಜನ.

ಟೀ ಅಂಗಡಿಯವರು ನನ್ನನ್ನು ನೋಡಿದ ಕೂಡಲೇ, “ನಂಗೇನೂ ಕಾಣ್ಲಿಲ್ಲ ಮೇಡಂ, ಬೆನ್ನು ಹಾಕಿದ್ದೆ” ಅಂದರು. ನಾನಿನ್ನೂ ಬಾಯೇ ಬಿಟ್ಟಿರಲಿಲ್ಲ! ಒಂದು ಟೀ ಕುಡಿಯುವಷ್ಟರಲ್ಲಿ ವಿಷಯ ಅರ್ಥವಾಯಿತು. ಗೂಡ್ಸ್ ಗಾಡಿಯ ಹುಡುಗರೆಲ್ಲ ಅವರ ಗಿರಾಕಿಗಳು. ಅಂಗಡಿ ಇರೋದು ಫುಟ್‌ಪಾತಿನ ಮೇಲೆ. ಪೊಲೀಸರು ಅಲ್ಲಿಗೆ ಬಂದು ನಿಲ್ಲುವುದೇ ಅವರಿಗೆ ಬೇಡ. ನಾನು ಒತ್ತಾಯ ಮಾಡಲಿಲ್ಲ. ದುಡ್ಡು ಕೊಟ್ಟು ಏಳುವಾಗ ಅವರೇ ಮೆಲ್ಲಗೆ, “ಎದುರು ಮೆಡಿಕಲ್ಸ್‌ದು ಕ್ಯಾಮೆರಾ ಈ ಕಡೆಗೇ ಐತೆ” ಅಂದರು.

ಮೆಡಿಕಲ್ಸ್‌ನವರು ಕಾಪಿ ಕೊಡಲು ಒಪ್ಪಲಿಲ್ಲ. ಪೊಲೀಸರು ಕೇಳಿದರೆ ಕೊಡ್ತೀನಿ ಅಂದರು, ಅದು ನ್ಯಾಯವೇ. ನಾನು ಕೇಳಿದ್ದು ಒಂದೇ, ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತೆ ಅಂತ. ಏಳು ದಿನ. ಆಗಲೇ ಮೂರು ಕಳೆದಿತ್ತು. ಅವರ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡುವ ಪೆಟ್ಟಿಗೆ) ಗಡಿಯಾರ 11 ನಿಮಿಷ ಹಿಂದಿತ್ತು. ಅದನ್ನೂ ಬರೆದು ಸ್ಟೇಷನ್ನಿಗೆ ಇನ್ನೊಂದು ಅರ್ಜಿ ಕೊಟ್ಟೆ. ಪೇದೆಯೊಬ್ಬರು ಬುಧವಾರ ಬಂದು ನೋಡಿದರು. ಕ್ಯಾಮೆರಾದಲ್ಲಿ ಕ್ರಾಸ್ ಅರ್ಧ ಮಾತ್ರ ಕಾಣುತ್ತಿತ್ತು. ಗಾಡಿ ನಿಲ್ಲಿಸದೆ ಬಂದದ್ದು ಗೊತ್ತಾಗುತ್ತಿತ್ತು, ನಾನು ತಿರುಗಿಸಿದೆನೋ ಇಲ್ಲವೋ ಅನ್ನೋದು ಮರದ ಕೊಂಬೆಯ ಹಿಂದೆ ಹೋಗಿತ್ತು.

ಇನ್ನು ಉಳಿದದ್ದು ಹೂವಿನ ಅಮ್ಮ. ಮೊದಲ ದಿನ ನಾನು ಅವರ ಹತ್ತಿರ ಹೂವು ತಗೊಳ್ಳಲಿಲ್ಲ. ಮಾತಿಗೆ ಮೊದಲು ವ್ಯಾಪಾರ ಮಾಡಿದರೆ ಮಾತು ಕೊಂಡ ಹಾಗಾಗುತ್ತೆ ಅನ್ನಿಸಿತು. ಸಾಕ್ಷಿ ಅನ್ನೋ ಪದವನ್ನೂ ಎತ್ತಲಿಲ್ಲ. ಪಕ್ಕದ ಕಟ್ಟೆ ಮೇಲೆ ಕೂತು, “ಅಮ್ಮಾ, ಶುಕ್ರವಾರ ನನ್ನ ಕಾರಿಗೆ ಗುದ್ದಿದಾಗ ನೀವು ಏನು ಮಾಡ್ತಿದ್ರಿ?” ಅಂತಷ್ಟೇ ಕೇಳಿದೆ.

“ಅಯ್ಯೋ ಬುಡಿ ಅವ್ವಾ, ನಮಗ್ಯಾಕೆ ಊರ ಉಸಾಬರಿ” ಅಂದರು. ಕೈ ಮಾತ್ರ ನಿಲ್ಲಲಿಲ್ಲ. ಸೇವಂತಿಗೆ ಮಾಲೆಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಹಿಡಿದು ಅಳೆಯುತ್ತಿದ್ದರು. ಒಂದು ಮೊಳ, ಎರಡು ಮೊಳ. ನಾನೂ ಸುಮ್ಮನಿದ್ದೆ. ಮೂರನೇ ಮೊಳಕ್ಕೆ ಕೈ ಅರ್ಧದಲ್ಲೇ ನಿಂತಿತು. “ನೀವು ತಿರುಗಿಸಿದ್ರಿ ಅಂತಾನಾ ಅವನು? ನೀವು ಈ ಕಡೆ ತಿರುಗಿಸಿದ್ರೆ ನನ್ನ ಬುಟ್ಟಿ ಮೇಲೇ ಬರಬೇಕಾಗಿತ್ತಲ್ಲವ್ವಾ. ನಾನು ಕೂತ ಜಾಗದಿಂದ ಎದ್ದೇ ಇಲ್ಲ.”

ವಾರವಿಡೀ ನಾನು ಚಕ್ರ, ಇಂಡಿಕೇಟರ್ ಅಂತ ತಲೆ ಕೆಡಿಸಿಕೊಂಡಿದ್ದೆ. ಅವರು ಎರಡು ಮಾತಿನಲ್ಲಿ ಮುಗಿಸಿದರು.

ಇದನ್ನೇ ಪೊಲೀಸರಿಗೆ ಹೇಳ್ತೀರಾ ಅಂದಾಗ ಮುಖ ಸಪ್ಪಗಾಯಿತು. ಸ್ಟೇಷನ್ ಮೆಟ್ಟಿಲು ಹತ್ತಲ್ಲ, ಹೆಬ್ಬೆಟ್ಟು ಒತ್ತಲ್ಲ ಅಂದರು. ಭಯ ಈ ಎರಡೇ. ನಮ್ಮ ಬೀದಿಯ ವಕೀಲರನ್ನು ಕೇಳಿದೆ. 2024ರ ಜುಲೈ 1ರಿಂದ ಬಂದಿರುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾಯ್ದೆಯ 179ನೇ ಕಲಂ ಪ್ರಕಾರ ತನಿಖೆಗೆ ಅಂತ ಹೆಂಗಸರನ್ನೂ 60 ದಾಟಿದ ಗಂಡಸರನ್ನೂ ಅವರು ವಾಸ ಇರುವ ಜಾಗ ಬಿಟ್ಟು ಬೇರೆ ಕಡೆಗೆ ಬಾ ಅನ್ನುವಂತಿಲ್ಲ. ಸಾಕ್ಷಿಯ ಹೇಳಿಕೆಯನ್ನು ಪೊಲೀಸರು ಬರೆದುಕೊಂಡರೂ ಅದಕ್ಕೆ ಸಹಿ ಹಾಕಿಸುವಂತಿಲ್ಲ. ಅದು 181ನೇ ಕಲಂ. ನಮ್ಮದು ಎಫ್‌ಐಆರ್ ಆಗಿರಲಿಲ್ಲ, ಬರೀ ಅರ್ಜಿ ವಿಚಾರಣೆ. ಆದರೂ ಹೆದರಿದವರಿಗೆ ಇದು ದೊಡ್ಡ ಧೈರ್ಯ. ಮುಂದೆ ಕೇಸಾಗಿ ಕೋರ್ಟಿಗೆ ಹೋದರೆ ಸಮನ್ಸ್ ಬರಬಹುದು ಅನ್ನೋದನ್ನೂ ಹೂವಿನ ಅಮ್ಮನಿಗೆ ಹೇಳಿದೆ. ಮುಚ್ಚಿಟ್ಟು ಕರೆದುಕೊಂಡು ಹೋದರೆ ಅದು ಮೋಸ.

ಒಂದು ಗೊಂದಲ ನನಗೂ ಇತ್ತು. ಸಾಕ್ಷಿಗಳಿಗೆ ರಕ್ಷಣೆ ಕೊಡೋ ಕಾನೂನು ಇದೆಯಲ್ಲಾ ಅಂತ ಜನ ಹೇಳುತ್ತಾರೆ. ಅದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ. ಗಾಯಗೊಂಡವರಿಗೆ ಸಹಾಯ ಮಾಡಿದವರ ಸಲುವಾಗಿ ಮಾಡಿದ್ದು. ಅಂಥವರನ್ನು ಹೆಸರು ಹೇಳು, ಸಾಕ್ಷಿಯಾಗು ಅಂತ ಬಲವಂತ ಮಾಡುವಂತಿಲ್ಲ. ನಮ್ಮಲ್ಲಿ ಗಾಯವಾದದ್ದು ಬಾಗಿಲಿಗೆ ಮಾತ್ರ. ಹಾಗಾಗಿ ಅದನ್ನು ಹೇಳಿ ಯಾರನ್ನೂ ನಂಬಿಸಲಿಲ್ಲ.

ಎಎಸ್ಐಗೆ ವಿಷಯ ಹೇಳಿದೆ. ಗುರುವಾರ ರೌಂಡ್ಸಿಗೆ ಬಂದಾಗ ಹೂವಿನ ಬುಟ್ಟಿ ಹತ್ತಿರ ಬೈಕ್ ನಿಲ್ಲಿಸಿ ಎರಡು ಪ್ರಶ್ನೆ ಕೇಳಿದರು. ನಾನು ಬೇಕಂತಲೇ ಆ ಕಡೆ ಹೋಗಲಿಲ್ಲ. ಪಕ್ಕದಲ್ಲಿ ನಾನು ನಿಂತಿದ್ದರೆ ಹೇಳಿಕೊಟ್ಟ ಮಾತಿನ ಹಾಗೆ ಕೇಳುತ್ತಿತ್ತು.

ಆಟೋದವರು ಸ್ಟ್ಯಾಂಡಿನಲ್ಲಿ ಸಿಕ್ಕರು. ಅವರು ಮಾತ್ರ ತಕ್ಷಣ ರೆಡಿ. “ಎಂಬತ್ತರಲ್ಲಿ ಬಂದ ಮೇಡಂ ಅವ್ನು! ಕೈಲಿ ಫೋನು! ಇನ್ನೇನ್ ಹೇಳ್ಬೇಕು ಹೇಳಿ.” ಆ ಕ್ರಾಸಿನಲ್ಲಿ ಎಂಬತ್ತರಲ್ಲಿ ದೇವರೂ ಬರಲಾರ. ಕೈ ಮುಗಿದು ಬಂದೆ. ಹಿಂಜರಿಯುವ ಸಾಕ್ಷಿಗಿಂತ ಈ ಥರದವರಿಂದ ಅಪಾಯ ಜಾಸ್ತಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಹೂವಿನ ಅಮ್ಮನ ನಿಜವೂ ಅದರ ಜೊತೆ ಹೋಗುತ್ತೆ.

ಮಂಕಿ ಕ್ಯಾಪಿನ ಹಿರಿಯರು ಹೆಸರು ಹಾಕಬೇಡಿ ಅನ್ನುವ ಮಾತಿನ ಮೇಲೆ ಎಎಸ್ಐ ಜೊತೆ ಫೋನಿನಲ್ಲಿ ಮಾತಾಡಿದರು. ಮೊದಲು ನನಗೆ ಹೇಳಿದ್ದು ಹೀಗೆ: “ನೀನು ನೆಟ್ಟಗೇ ಹೋಗ್ತಿದ್ದೆ ಮಗಳೇ. ಆದ್ರೆ ಹಂಪ್ ಹತ್ತಿರ ನೀನೂ ನಿಧಾನ ಮಾಡ್ಲಿಲ್ಲ.” ಚುಚ್ಚಿತು. ನಿಜವೂ ಹೌದು, ಎಂಟು ಗಂಟೆಯ ಕ್ಲಾಸಿಗೆ ಹೊರಟಿದ್ದೆ. ಅದನ್ನೂ ಹಾಗೇ ಹೇಳಿ ಅಂದೆ. ಅವರು ಹೇಳಿಯೂಬಿಟ್ಟರು.

ಶನಿವಾರ ಓನರ್ ಸ್ಟೇಷನ್ನಿಗೆ ಬಂದರು. ಎಎಸ್ಐ ಯಾರ ಹೆಸರೂ ಎತ್ತದೆ, ಬುಟ್ಟಿಯ ಮಾತು ಹೇಳಿ, ಚಕ್ರದ ಫೋಟೋ ತೋರಿಸಿದರು. ಓನರ್ ಒಂದು ನಿಮಿಷ ಫೋಟೋ ನೋಡಿದರು. ಅವರವರ ಗಾಡಿ ಅವರವರು ಮಾಡಿಸಿಕೊಳ್ಳೋದು ಅಂತ ತೀರ್ಮಾನವಾಗಿ, ಬರೆದು ಇಬ್ಬರೂ ಸಹಿ ಹಾಕಿದೆವು. ನನಗೆ ಪರಿಹಾರ ಏನೂ ಸಿಗಲಿಲ್ಲ. 18 ಸಾವಿರದ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಒಂದು ಶುಕ್ರವಾರ ಎರಡು ಮೊಳ ಸೇವಂತಿಗೆ ತಗೊಂಡೆ. ಅಮ್ಮ ಪೂರಾ ದುಡ್ಡು ಎಣಿಸಿಕೊಂಡರು. ಪಕ್ಕದಲ್ಲಿ ಟೀ ಅಂಗಡಿಯವರು ಯಾರಿಗೋ ಕಥೆ ಹೇಳುತ್ತಿದ್ದರು. ಗಾಡಿ ಯಾವ ಕಡೆಯಿಂದ ಬಂತು, ಬಾಗಿಲು ಎಲ್ಲಿ ತಗ್ಗಾಯಿತು, ಡ್ರೈವರ್ ಹುಡುಗ ಹೇಗೆ ಕೈ ಮುಗಿದ, ಒಂದೂ ಬಿಡದ ಹಾಗೆ. “ನಾನು ಕಣ್ಣಾರೆ ನೋಡಿದೀನಿ ಕಣ್ರೀ” ಅಂತಿದ್ದವರು ನನ್ನನ್ನು ಕಂಡು ಬೇಗ ಬೇಗ ಟೀ ಸೋಸತೊಡಗಿದರು.